ಜೆ.ಸಿ. ರಸ್ತೆಯಲ್ಲಿ ಕೊಂಡ ಸ್ಪೀಡ್ ಸೆನ್ಸರ್: ನಾಲ್ಕು ತಿಂಗಳ ಬಳಕೆಯ ನಂತರ

ಕಾರಿನ ಒಂದು ದೋಷವನ್ನು ಮನೆಯಲ್ಲೇ ಸರಿಪಡಿಸಲು ನಾನು ಎರಡು ಸಾಮಾನು ಕೊಂಡೆ. ಒಂದು, ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸುವ ಓಬಿಡಿ ಸ್ಕ್ಯಾನರ್, ಅಂದರೆ ಕಾರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಸಾಧನ. ಬೆಲೆ 800 ರೂಪಾಯಿ. ಇನ್ನೊಂದು, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಿಂದ 950 ರೂಪಾಯಿಗೆ ತಂದ, ಕಾರಿನ ವೇಗದ ಸಂಕೇತ ಕಳಿಸುವ ಸ್ಪೀಡ್ ಸೆನ್ಸರ್. ಸ್ಕ್ಯಾನರ್ ಕೊಟ್ಟ ಹಣಕ್ಕೆ ಮೋಸ ಮಾಡಲಿಲ್ಲ. ಸೆನ್ಸರ್ ಕೂಡ ಕೆಲಸದಲ್ಲಿ ಚೆನ್ನಾಗಿಯೇ ಇದೆ, ಆದರೆ ಅದರ ಜೊತೆ ಬಂದ, ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆಯ (ಓ-ರಿಂಗ್) ಬಗ್ಗೆ ನನ್ನ ತಕರಾರಿದೆ.

ನಮ್ಮದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಮಾದರಿ. ಕನಕಪುರ ರಸ್ತೆಯಲ್ಲಿ ಹೋಗುತ್ತಿದ್ದಾಗ ಸ್ಪೀಡೋಮೀಟರಿನ ಮುಳ್ಳು ಇದ್ದಕ್ಕಿದ್ದಂತೆ ಸೊನ್ನೆಗೆ ಬಿದ್ದು, ಸ್ವಲ್ಪ ಹೊತ್ತಿನ ನಂತರ ಎದ್ದು, ಮರುದಿನದ ಹೊತ್ತಿಗೆ ಪೂರ್ತಿ ಮಲಗಿಬಿಟ್ಟಿತು. ಓಡೋಮೀಟರ್ ನಿಂತಿತು, ಚೆಕ್ ಎಂಜಿನ್ ದೀಪ ಹೊತ್ತಿತು, ಸಿಗ್ನಲ್‌ಗಳಲ್ಲಿ ನಿಧಾನಿಸುವಾಗ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ಓಟ) ಕುಸಿದು ಎಂಜಿನ್ ಆಫ್ ಆಗತೊಡಗಿತು. ಮನೆ ಹತ್ತಿರದ ಗ್ಯಾರೇಜಿನವರು ಬಾನೆಟ್ ಕೂಡ ತೆರೆಯದೆ, ಮೀಟರ್ ಬೋರ್ಡನ್ನೇ ಬದಲಿಸಬೇಕೆಂದು ಹೇಳಿದ್ದರಿಂದ ನಾನು ಸ್ಕ್ಯಾನರ್ ತರಿಸಿದೆ.

ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಅದನ್ನು ಸಿಕ್ಕಿಸಿದಾಗ ಪಿ0500 ಎಂಬ ಕೋಡ್ ಬಂತು. ವೇಗದ ಸಂಕೇತ ಸರಿಯಾಗಿ ಬರುತ್ತಿಲ್ಲ ಎಂಬುದಷ್ಟೇ ಇದರ ಅರ್ಥ. ಸೆನ್ಸರ್ ಕೆಟ್ಟಿದೆ ಎಂದಲ್ಲ. ಈ ವ್ಯತ್ಯಾಸ ತಿಳಿಯದೆ ಕೋಡ್ ಕಂಡ ಕೂಡಲೇ ಸೆನ್ಸರ್ ಕೊಳ್ಳುವವರೇ ಹೆಚ್ಚು. ಕಾರು ಓಡುತ್ತಿದ್ದಾಗಲೂ ಮೊಬೈಲಿನ ಪರದೆಯಲ್ಲಿ ವೇಗ ಸೊನ್ನೆಯೆಂದೇ ಕಾಣುತ್ತಿದ್ದುದರಿಂದ ತಪ್ಪು ಬರೀ ಮುಳ್ಳಿನದಲ್ಲ ಎಂಬುದು ಖಚಿತವಾಯಿತು. ಆದರೆ ಕೆಲವು ಕಾರುಗಳಲ್ಲಿ ಸಂಕೇತವು ಮೀಟರ್ ಬೋರ್ಡಿನ ಮೂಲಕವೇ ಇಸಿಯುಗೆ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ಹೋಗುತ್ತದೆ. ಅಂಥ ಕಾರುಗಳಲ್ಲಿ ಇದೊಂದೇ ಪರೀಕ್ಷೆಯನ್ನು ನಂಬಿ ತೀರ್ಮಾನಿಸುವಂತಿಲ್ಲ.

ಸ್ಕ್ಯಾನರಿನ ಕೆಲಸ ಅಲ್ಲಿಗೆ ಮುಗಿಯಿತು, ಮುಂದಿನದು ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನದು. ನಮ್ಮ ಕಾರಿನ ಸೆನ್ಸರ್ ಗೇರ್‌ಬಾಕ್ಸ್ ಮೇಲೆ ಕೂರುವ, ಮೂರು ತಂತಿಗಳ ಹಾಲ್ ಮಾದರಿಯದು (ಕಾಂತಕ್ಷೇತ್ರದ ಬದಲಾವಣೆಯನ್ನು ಗುರುತಿಸುವಂಥದು). ಇಗ್ನಿಷನ್ ಆನ್ ಮಾಡಿ ನೋಡಿದರೆ ಒಂದು ತಂತಿಯಲ್ಲಿ 12 ವೋಲ್ಟ್ ಇತ್ತು, ಅರ್ಥ್ ಸರಿಯಿತ್ತು, ಇಲಿ ಕಡಿದ ಗುರುತಾಗಲಿ ಪಿನ್ನುಗಳಲ್ಲಿ ಕಿಲುಬಾಗಲಿ ಇರಲಿಲ್ಲ. ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಮುಂದಿನ ಒಂದು ಚಕ್ರವನ್ನು ಮಾತ್ರ ಜಾಕ್‌ನಿಂದ ಎತ್ತಿ, ಸ್ಟ್ಯಾಂಡ್ ಇಟ್ಟ ಮೇಲೆ ಮಗನಿಗೆ ಆ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಲು ಹೇಳಿ, ನಾನು ಕನೆಕ್ಟರಿನ ಹಿಂಬದಿಯಿಂದ ಸಿಗ್ನಲ್ ತಂತಿಗೆ ಗುಂಡುಸೂಜಿ ತಾಗಿಸಿ ಮಲ್ಟಿಮೀಟರ್ ನೋಡುತ್ತ ಕುಳಿತೆ. ವೋಲ್ಟೇಜ್ ಏರಿಳಿಯಬೇಕಿತ್ತು, ಆದರೆ ಕದಲಲಿಲ್ಲ.

ಇಲ್ಲಿ ಇನ್ನೊಂದು ಅನುಮಾನ ಉಳಿಯುತ್ತದೆ. ಸೆನ್ಸರಿನ ತುದಿಯಲ್ಲಿರುವ ಪ್ಲಾಸ್ಟಿಕ್ ಪಿನಿಯನ್ನಿನ (ಪುಟ್ಟ ಹಲ್ಲುಚಕ್ರ) ಹಲ್ಲು ಸವೆದಿದ್ದರೂ ಇದೇ ಲಕ್ಷಣ ಕಾಣಿಸುತ್ತದೆ. 10 ಎಂ.ಎಂ. ಬೋಲ್ಟ್ ಒಂದನ್ನು ಬಿಚ್ಚಿ, ಸೆನ್ಸರನ್ನು ಹೊರತೆಗೆದು, ಕನೆಕ್ಟರಿಗೆ ಜೋಡಿಸಿಕೊಂಡೇ ಪಿನಿಯನ್ನನ್ನು ಬೆರಳಿನಿಂದ ತಿರುಗಿಸಿದೆ. ಹಲ್ಲುಗಳು ಚೆನ್ನಾಗಿಯೇ ಇದ್ದವು, ವೋಲ್ಟೇಜ್ ಮಾತ್ರ ಹಾಗೆಯೇ ಇತ್ತು. ಸೆನ್ಸರ್ ಸತ್ತಿದೆ ಎಂಬ ತೀರ್ಮಾನಕ್ಕೆ ನಾನು ಬಂದದ್ದು ಆಗ.

ಜೆ.ಸಿ. ರಸ್ತೆಯಲ್ಲಿ ಅಂಗಡಿಯವರ ಮೊದಲ ಮಾತು, "ಹಳೇದು ತಂದಿದ್ದೀರಾ ಸಾರ್?" ಎಂಬುದು. ಅದು ಸರಿಯಾದ ಪ್ರಶ್ನೆ. ಅವರು ಎರಡನ್ನೂ ಪಕ್ಕಪಕ್ಕ ಇಟ್ಟು, ಕನೆಕ್ಟರಿನ ಆಕಾರವನ್ನು ಹೋಲಿಸಿ, ಹಲ್ಲುಗಳನ್ನು ಎಣಿಸಿ ಕೊಟ್ಟರು. ಹಲ್ಲಿನ ಲೆಕ್ಕ ತಪ್ಪಿದರೆ ಮೀಟರ್ ತೋರಿಸುವ ವೇಗವೂ ತಪ್ಪುತ್ತದೆ. ಜಪಾನಿನ ಮಾನದಂಡದಂತೆ ಒಂದು ಕಿಲೋಮೀಟರಿಗೆ 637 ಸುತ್ತು ಬರುವ ಮೀಟರಿನಲ್ಲಿ, ಪ್ರತಿ ಸುತ್ತಿಗೂ 4 ವಿದ್ಯುತ್ ಮಿಡಿತ ಕೊಡುವ ಸೆನ್ಸರ್ ಇದ್ದರೆ ಕಿಲೋಮೀಟರಿಗೆ ಒಟ್ಟು 2548 ಮಿಡಿತಗಳಾಗುತ್ತವೆ. ಪಿನಿಯನ್ನಿಗೆ ಒಂದು ಹಲ್ಲು ಹೆಚ್ಚಾದರೆ ಅಥವಾ ಕಡಿಮೆಯಾದರೆ ಆ ಲೆಕ್ಕವೆಲ್ಲ ಕೆಡುತ್ತದೆ. ಕಂಪನಿಯ ಸೆನ್ಸರಿಗೆ ಸರಿಸುಮಾರು ಎರಡು ಪಟ್ಟು ಬೆಲೆಯಿದ್ದುದರಿಂದ ನಾನು ಬೇರೆ ತಯಾರಿಕೆಯದನ್ನು ಆರಿಸಿದೆ.

ಜೋಡಣೆಗೆ ಹತ್ತು ನಿಮಿಷ ಸಾಕಾಯಿತು. ಆದರೆ ಮೂರನೆಯ ದಿನ ಪಾರ್ಕಿಂಗ್ ನೆಲದ ಮೇಲೆ ಗೇರ್ ಆಯಿಲ್‌ನ ಕಲೆ ಕಂಡಿತು. ಸೆನ್ಸರಿನ ಜೊತೆ ಬಂದ ಓ-ರಿಂಗ್ ಹಳೆಯದಕ್ಕಿಂತ ತೆಳುವಾಗಿತ್ತು. ಅದೇ ಬೀದಿಯಲ್ಲಿ 20 ರೂಪಾಯಿಗೆ ಸರಿಯಾದ ದಪ್ಪದ್ದನ್ನು ತಂದು, ಆಯಿಲ್ ಸವರಿ ಕೂರಿಸಿದ ಮೇಲೆ ಸೋರಿಕೆ ನಿಂತಿತು. ಇಷ್ಟು ಚಿಕ್ಕ ಸಾಮಾನಿನಲ್ಲಿ ತಯಾರಕರು ಜಿಪುಣತನ ತೋರಿದ್ದು ನನಗೆ ಸರಿಕಾಣಲಿಲ್ಲ.

ನೈಸ್ ರಸ್ತೆಯಲ್ಲಿ ಮೊಬೈಲಿನ ಜಿಪಿಎಸ್ 60 ತೋರಿಸುವಾಗ ಮುಳ್ಳು 63ರಲ್ಲಿ ನಿಲ್ಲುತ್ತದೆ. ಸ್ಪೀಡೋಮೀಟರುಗಳು ನಿಜವಾದ ವೇಗಕ್ಕಿಂತ ತುಸು ಹೆಚ್ಚು ತೋರಿಸುವುದು ರೂಢಿಯೇ. ಕೋಡ್ ಅಳಿಸಿದ ಮೇಲೆ ಮತ್ತೆ ಬಂದಿಲ್ಲ, ಎಂಜಿನ್ ಸಿಗ್ನಲ್‌ನಲ್ಲಿ ನಿಲ್ಲುತ್ತಿಲ್ಲ. ಸ್ಕ್ಯಾನರನ್ನು ಮಾತ್ರ ಬಳಸಿದ ಮೇಲೆ ಕಿತ್ತಿಡಬೇಕು, ಏಕೆಂದರೆ ಆ ಸಾಕೆಟ್‌ನ 16ನೆಯ ಪಿನ್ನಿಗೆ ಬ್ಯಾಟರಿಯಿಂದ ಸದಾ ವಿದ್ಯುತ್ ಬರುತ್ತಿರುತ್ತದೆ. ಓಡೋಮೀಟರ್ ನಿಂತಿದ್ದ ಹನ್ನೊಂದು ದಿನಗಳನ್ನು ನಾನು ತಾರೀಕಿನ ಸಮೇತ ಸರ್ವಿಸ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ಮುಂದೆ ಈ ಕಾರನ್ನು ಕೊಳ್ಳುವವರಿಗೆ ತಿಳಿದಿರಲಿ ಎಂದು.