ಮಹಾಪ್ರಬಂಧ ಮುಗಿಸಿದವರೇ, ಆ ಇಮೇಲ್‌ಗೆ ಉತ್ತರಿಸುವ ಮುನ್ನ

ಪಿಎಚ್‌.ಡಿ. ಮುಗಿದು ಮಹಾಪ್ರಬಂಧ ವಿಶ್ವವಿದ್ಯಾಲಯದ ಡಿಜಿಟಲ್ ಭಂಡಾರಕ್ಕೆ ಏರಿದ ಸ್ವಲ್ಪ ದಿನಕ್ಕೇ ಒಂದು ಇಮೇಲ್ ಬರುತ್ತದೆ. ನಿಮ್ಮ ಸಂಶೋಧನೆ ನಮ್ಮ ಗಮನ ಸೆಳೆದಿದೆ, ಪುಸ್ತಕವಾಗಿ ತರುತ್ತೇವೆ, ನಿಮಗೆ ಏನೂ ಖರ್ಚಿಲ್ಲ ಎಂದು. ನನಗೂ ಬಂತು, ಪುಸ್ತಕವೂ ಆಯಿತು. ಪ್ರಕಾಶಕರ ಹೆಸರು ಹೇಳುವುದಿಲ್ಲ. ಇಂಥವರು ಒಬ್ಬಿಬ್ಬರಲ್ಲ.

ಖರ್ಚಿಲ್ಲ ಎಂದದ್ದು ನಿಜವೇ. ದುಡ್ಡು ಕೇಳುವ ಪ್ರಕಾಶಕರ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ಹಾಗಾಗಿ ಕೇಳದವರ ಮೇಲೆ ಅನುಮಾನವೇ ಹುಟ್ಟುವುದಿಲ್ಲ. ಇವರು ಕೇಳುವುದು ಹಕ್ಕನ್ನು.

ಪುಸ್ತಕ ಕೈಗೆ ಬಂದಾಗ ಅದನ್ನು ಒಬ್ಬರೂ ಓದಿಲ್ಲವೆಂದು ಮೊದಲ ಪುಟಗಳಲ್ಲೇ ತಿಳಿಯಿತು. 'ಪದವಿಗಾಗಿ ಸಲ್ಲಿಸಿದ ಪ್ರಬಂಧ' ಎಂಬ ಘೋಷಣೆ, ಮಾರ್ಗದರ್ಶಕರ ಪ್ರಮಾಣಪತ್ರ ಎರಡೂ ಹಾಗೇ ಅಚ್ಚಾಗಿದ್ದವು. ಅಗಲದ ಕೋಷ್ಟಕಗಳ ಕೊನೆಯ ಕಾಲಂ ಅಂಚಿನಲ್ಲಿ ಕತ್ತರಿಸಿಹೋಗಿತ್ತು. ವಿಷಯ ತಜ್ಞರ ಪರಿಶೀಲನೆ, ಕರಡು ತಿದ್ದುವಿಕೆ, ಯಾವುದೂ ಇಲ್ಲ. ಬೇಡಿಕೆ ಬಂದಾಗ ಮಾತ್ರ ಒಂದೊಂದೇ ಪ್ರತಿ ಮುದ್ರಿಸುವ ಪ್ರಿಂಟ್ ಆನ್ ಡಿಮಾಂಡ್ ಪದ್ಧತಿಯಲ್ಲಿ ಅವರಿಗೆ ಒಂದು ಶೀರ್ಷಿಕೆಯ ಮೇಲೆ ಬೀಳುವ ವೆಚ್ಚ ಅತ್ಯಲ್ಪ. ಓದುಗರು ಸಿಗದಿದ್ದರೂ ನಡೆಯುತ್ತದೆ, ಶೀರ್ಷಿಕೆಗಳ ರಾಶಿ ಬೆಳೆಯುತ್ತಿದ್ದರೆ ಸಾಕು. ಐಎಸ್‌ಬಿಎನ್ ಇದೆಯಲ್ಲ ಎನ್ನಬೇಡಿ. 2007ರಿಂದ 13 ಅಂಕಿಗಳಾಗಿರುವ ಆ ಸಂಖ್ಯೆ ಪುಸ್ತಕದ ಗುರುತು ಅಷ್ಟೇ, ಗುಣಮಟ್ಟದ ಮುದ್ರೆಯಲ್ಲ.

ಕರಾರಿನ ಒಳಗಿದ್ದದ್ದು ಇನ್ನೂ ಕೆಟ್ಟದು. ಎಲ್ಲ ಭಾಷೆ, ಎಲ್ಲ ರೂಪಗಳ ಹಕ್ಕೂ ಅವರಿಗೊಬ್ಬರಿಗೇ, ಅದೂ ಕೃತಿಸ್ವಾಮ್ಯ ಇರುವಷ್ಟು ಕಾಲ. ಹೆಚ್ಚಿನ ದೇಶಗಳಲ್ಲಿ ಹಾಗೆಂದರೆ ಲೇಖಕ ತೀರಿಕೊಂಡ ಮೇಲೂ 50ರಿಂದ 70 ವರ್ಷ. ರಾಯಲ್ಟಿಯ ಕಥೆ ಮೂಗಿಗೆ ತುಪ್ಪ ಸವರಿದ ಹಾಗೆ: ಇಂತಿಷ್ಟು ಮೊತ್ತ ದಾಟಿದರೆ ಹಣ, ದಾಟದಿದ್ದರೆ ಅವರದೇ ಪುಸ್ತಕ ಕೊಳ್ಳಲು ಕೂಪನ್. ಪುಸ್ತಕದ ಬೆಲೆ ನೋಡಿದರೆ ಆ ಮೊತ್ತ ದಾಟುವ ಮಾತೇ ಇಲ್ಲ. ಮುದ್ರಣ ನಿಂತರೆ ಹಕ್ಕು ಲೇಖಕರಿಗೆ ಮರಳುತ್ತದೆ ಎಂಬ ಷರತ್ತೂ ಇತ್ತು. ಕಂಪ್ಯೂಟರಿನಲ್ಲಿ ಕಡತ ಇರುವವರೆಗೆ ಇಂಥ ಪುಸ್ತಕ ಯಾವಾಗಲೂ 'ಲಭ್ಯ', ಮುದ್ರಣ ನಿಲ್ಲುವುದೇ ಇಲ್ಲ! ಆದ್ದರಿಂದ ಸಹಿ ಹಾಕುವ ಮೊದಲೇ, ವರ್ಷಕ್ಕೆ ಇಷ್ಟು ಪ್ರತಿ ಮಾರಾಟವಾಗದಿದ್ದರೆ ಹಕ್ಕು ವಾಪಸ್ ಎಂದು ಬರೆಸಿಕೊಳ್ಳಿ.

ಪೆಟ್ಟು ಬಿದ್ದದ್ದು ಆಮೇಲೆ. ಅಧ್ಯಾಯಗಳನ್ನು ಹೊಸದಾಗಿ ಬರೆದು ಒಂದು ವಿಶ್ವವಿದ್ಯಾಲಯದ ಮುದ್ರಣಾಲಯಕ್ಕೆ ಪ್ರಸ್ತಾವ ಕಳಿಸಿದೆ. ಸಂಪಾದಕರು ಕೇಳಿದ ಮೊದಲ ಪ್ರಶ್ನೆಯೇ ಹಕ್ಕು ಯಾರ ಬಳಿ ಇದೆ ಎಂದು. ಉತ್ತರ ಕೇಳಿ ಸೌಜನ್ಯದಿಂದಲೇ ಕೈಬಿಟ್ಟರು. ಹಕ್ಕು ಹಿಂದಿರುಗಿಸಿ ಎಂದು ಹಳೆಯ ಪ್ರಕಾಶಕರಿಗೆ ಬರೆದ ಪತ್ರಕ್ಕೆ ಬಂದದ್ದು ಸಿದ್ಧ ಮಾದರಿಯ ಮಾರುತ್ತರ, ಆಮೇಲೆ ಅದೂ ಇಲ್ಲ.

ದೊಡ್ಡ ಹೆಸರಿನವರಾದರೆ ಕರಾರು ಓದಬೇಕಿಲ್ಲ ಅಂತಲೂ ಅಲ್ಲ. ವಿದ್ವತ್ ಪ್ರಕಾಶನ ಟೇಲರ್ ಅಂಡ್ ಫ್ರಾನ್ಸಿಸ್‌ನ ಮಾತೃಸಂಸ್ಥೆ ಇನ್ಫಾರ್ಮಾ 2024ರ ಮೇನಲ್ಲಿ ಮೈಕ್ರೋಸಾಫ್ಟ್ ಜೊತೆ, ತನ್ನ ಪ್ರಕಟಣೆಗಳನ್ನು ಬಳಸಿಕೊಳ್ಳಲು ಬಿಡುವ ಕೃತಕ ಬುದ್ಧಿಮತ್ತೆಯ ಒಪ್ಪಂದ ಪ್ರಕಟಿಸಿತು, ಆರಂಭಿಕ ಶುಲ್ಕವೇ 1 ಕೋಟಿ ಡಾಲರ್‌ಗೂ ಹೆಚ್ಚು. ನಮ್ಮನ್ನು ಯಾರೂ ಕೇಳಲಿಲ್ಲ ಎಂದು ಹಲವು ಲೇಖಕರು ಸಿಟ್ಟಾದರು. ಅದು ಗಂಭೀರ ಪ್ರಕಾಶನವೇ, ನನಗೆ ಗಂಟುಬಿದ್ದವರ ಸಾಲಿಗೆ ಸೇರಿಸುತ್ತಿಲ್ಲ. ಆದರೂ ಬರಹವನ್ನು ಮೂರನೆಯವರಿಗೆ ಪರವಾನಗಿ ಕೊಡುವ ಷರತ್ತು ಎಲ್ಲಿದೆ ಎಂದು ಹುಡುಕಿ ಓದಿ.

'ಥಿಂಕ್ ಚೆಕ್ ಸಬ್ಮಿಟ್' ಅಭಿಯಾನದವರು ಪುಸ್ತಕ ಪ್ರಕಾಶಕರನ್ನು ಅಳೆಯುವ ಪ್ರಶ್ನಾವಳಿಯನ್ನು ಉಚಿತವಾಗಿ ಕೊಡುತ್ತಾರೆ. ಪ್ರಬಂಧವನ್ನು ಇನ್ನೂ ಸಲ್ಲಿಸದವರು ಪೂರ್ಣ ಪಠ್ಯ ಡಿಜಿಟಲ್ ಭಂಡಾರದಲ್ಲಿ ಎಲ್ಲರಿಗೂ ಸಿಗದಂತೆ ಕೆಲಕಾಲ ತಡೆಹಿಡಿಯುವ ಅವಕಾಶವಿದೆಯೇ ಎಂದು ಗ್ರಂಥಾಲಯದಲ್ಲಿ ವಿಚಾರಿಸಿ. ಈಗಾಗಲೇ ಸಹಿ ಹಾಕಿದವರು ಹಕ್ಕು ವಾಪಸಾತಿಯ ಕೋರಿಕೆಯನ್ನು ಬರಹದಲ್ಲೇ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಮುಂದೆ ಯಾವ ಸಂಪಾದಕರಿಗೆ ಬರೆದರೂ ಅದನ್ನು ಮೊದಲ ಪತ್ರದಲ್ಲೇ ಲಗತ್ತಿಸಿ.