ಹದಿನಾಲ್ಕು ಡಬ್ಬ ತೆಗೆಸಿದರೂ ಬೇಸರಪಡದ ಅಂಗಡಿ

ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಮಗಳ ಮನೆಯಿಂದ ಇಪ್ಪತ್ತು ನಿಮಿಷ ನಡೆದರೆ ಬೇಸ್‌ಬಾಲ್ ಕಾರ್ಡ್, ಅಂದರೆ ಆಟಗಾರರ ಚಿತ್ರವಿರುವ ಚೀಟಿ ಮಾರುವ ಪುಟ್ಟ ಅಂಗಡಿ ಇದೆ. ಮೊಮ್ಮಗನ ಜೊತೆ ಮೂರು ಸಲ ಹೋಗಿ ಬಂದೆ. ಮಕ್ಕಳ ಮನೆಗೆಂದು ಇಲ್ಲಿಗೆ ಬರುವ ನಮ್ಮ ಕಡೆಯ ತಾತ-ಅಜ್ಜಿಯರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಾವು ಹುಡುಕಿದ್ದು ಎಡ್ವಿನ್ ಜಾಕ್ಸನ್ ಎಂಬ ಪಿಚರ್‌ನ ಕಾರ್ಡ್‌ಗಳನ್ನು. ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಈತ 2003ರಿಂದ 2019ರವರೆಗೆ ಹದಿನಾಲ್ಕು ತಂಡಗಳಿಗೆ ಆಡಿದ. ಆಗ ಅದು ಮೇಜರ್ ಲೀಗ್, ಅಂದರೆ ಇಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಲೀಗ್‌ನ ದಾಖಲೆ. 2025ರಲ್ಲಿ ರಿಚ್ ಹಿಲ್ ಎಂಬ ಇನ್ನೊಬ್ಬ ಪಿಚರ್ ಅದನ್ನು ಸರಿಗಟ್ಟಿದ. ಬ್ಯಾಂಕಿನ ನೌಕರಿಯಲ್ಲಿ ಪಾವಗಡದಿಂದ ಸಿಂಧನೂರಿನ ತನಕ ಹನ್ನೊಂದು ಬ್ರಾಂಚ್ ಸುತ್ತಿದವನು ನಾನು. ಪ್ರತಿ ಎತ್ತಂಗಡಿಗೂ ಮಗಳ ಟಿ.ಸಿ. ತೆಗೆಸಿ, ಹಾಲಿನವನ ಲೆಕ್ಕ ಚುಕ್ತಾ ಮಾಡಿ ಹೊರಟವನಿಗೆ ಈ ಮನುಷ್ಯ ಕೇಳಿದ ಕೂಡಲೇ ಹತ್ತಿರದವನು ಅನ್ನಿಸಿದ.

ಅಂಗಡಿಯ ಗೋಡೆಗೆ ಒರಗಿಸಿದ ಕಪಾಟಿನಲ್ಲಿ ಎರಡು ಮೊಳ ಉದ್ದದ ರಟ್ಟಿನ ಡಬ್ಬಗಳಿವೆ. ಅದರೊಳಗಿನ ಯಾವ ಕಾರ್ಡ್ ತೆಗೆದರೂ 25 ಸೆಂಟ್. ತೊಡಕು ಏನೆಂದರೆ, ಡಬ್ಬಗಳನ್ನು ಜೋಡಿಸಿರುವುದು ತಂಡದ ಹೆಸರಿನ ಪ್ರಕಾರ, ಆಟಗಾರನ ಹೆಸರಿನ ಪ್ರಕಾರ ಅಲ್ಲ. ಒಂದೇ ಊರಲ್ಲಿ ಬೇರೂರಿದವನಾದರೆ ಒಂದು ಡಬ್ಬ ಸಾಕು. ಜಾಕ್ಸನ್‌ಗೆ ಹದಿನಾಲ್ಕನ್ನೂ ಕೆಳಗಿಳಿಸಬೇಕು. ಅಂಗಡಿಯಾಕೆಗೆ ಅರವತ್ತು ದಾಟಿರಬೇಕು. ಒಂದೊಂದಾಗಿ ತಾನೇ ಇಳಿಸಿ, ನನಗೆ ಕುರ್ಚಿ ಹಾಕಿಕೊಟ್ಟು, ಹುಡುಗನಿಗೆ ಕಾರ್ಡಿನ ಅಂಚು ಹಿಡಿಯುವ ಕ್ರಮ ಕಲಿಸಿದಳು. ನಮ್ಮ ವ್ಯಾಪಾರ ಎರಡು ಡಾಲರ್ ಮೇಲೆ ಆಗುವುದಿಲ್ಲ ಅಂತ ಗೊತ್ತಿದ್ದೂ ಮುಖ ಸಿಂಡರಿಸಲಿಲ್ಲ. ಈ ಅಂಗಡಿಗೆ ನಾನು ಪೂರ್ತಿ ಅಂಕ ಕೊಡುವುದು ಇದಕ್ಕೇ.

ಮೂರು ಭೇಟಿಯಲ್ಲಿ ಎಂಟು ತಂಡಗಳ ಕಾರ್ಡ್ ಸಿಕ್ಕಿತು. ಅವನ ಮೊದಲ ತಂಡ ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಅಂಗಿಯಲ್ಲಿ ಇನ್ನೂ ಮೀಸೆ ಚಿಗುರುತ್ತಿರುವ ಹುಡುಗ. ತನ್ನ ಇಪ್ಪತ್ತನೇ ಹುಟ್ಟುಹಬ್ಬದ ದಿನವೇ ಮೊದಲ ಪಂದ್ಯ ಆಡಿ, ಎದುರಿಗೆ ರ್‍ಯಾಂಡಿ ಜಾನ್ಸನ್‌ನಂಥ ದಿಗ್ಗಜನಿದ್ದರೂ ಗೆದ್ದವನು. ಅರಿಜೋನಾದ ಕಾರ್ಡ್ ಮೇಲೆ ನನಗೆ ಹೆಚ್ಚು ಮೋಹ. 2010ರ ಜೂನ್ 25ರಂದು ಅದೇ ಅಂಗಿ ತೊಟ್ಟು, ತನ್ನ ಹಳೆಯ ತಂಡ ಟ್ಯಾಂಪಾ ಬೇ ವಿರುದ್ಧ ಒಂದೇ ಒಂದು ಹಿಟ್ (ಚೆಂಡು ಹೊಡೆದು ಬ್ಯಾಟರ್ ಬೇಸ್ ಮುಟ್ಟುವುದು) ಕೊಡದೆ ಪಂದ್ಯ ಮುಗಿಸಿದ. ಎಂಟು ಜನರಿಗೆ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಬೇಸ್) ಕೊಟ್ಟ, 149 ಎಸೆತ ಎಸೆದ, 1-0ಯಿಂದ ಗೆದ್ದ. ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ಓವರಿಗೆ ಒಂದೇ ಎಸೆತ ಕಮ್ಮಿ, ಅದೂ ಒಬ್ಬನೇ! ಆಮೇಲೆ ಐದೇ ವಾರದಲ್ಲಿ ಅವನನ್ನು ಶಿಕಾಗೋಗೆ ಸಾಗಹಾಕಿದರು.

ವೃತ್ತಿಯ ಒಟ್ಟು ಲೆಕ್ಕ 107 ಗೆಲುವು, 133 ಸೋಲು. ಸೋಲೇ ಜಾಸ್ತಿ ಅಂತ ಮೊಮ್ಮಗ ಸಪ್ಪಗಾದ. ಕೆಲಸ ಬಾರದವನನ್ನು ಹದಿನೇಳು ವರ್ಷ ಯಾರೂ ಕರೆಸಿಕೊಳ್ಳುವುದಿಲ್ಲ ಕಣೋ ಅಂದೆ. 2018ರಲ್ಲಿ ಇಲ್ಲೇ ಪಕ್ಕದ ಓಕ್ಲೆಂಡ್‌ಗೆ ಬಂದು ಮೊದಲ ಪಿಚರ್ ಆಗಿ ಹದಿನೇಳು ಪಂದ್ಯ ಶುರು ಮಾಡಿಕೊಟ್ಟ. ಆ ವರ್ಷ ತಂಡ 97 ಪಂದ್ಯ ಗೆದ್ದಿತು. ಈಗ ಆ ತಂಡವೇ ಊರು ಬಿಟ್ಟಿದೆ.

ಕೊರತೆ ಇಲ್ಲದಿಲ್ಲ. ಒಳಗೆ ಬೆಳಕು ಸಾಲದು, ಕಾರ್ಡಿನ ಹಿಂದಿನ ಸಣ್ಣಕ್ಷರ ಓದಲು ಬಾಗಿಲ ಹತ್ತಿರ ಬರಬೇಕು. ಮೂಲೆ ಮಡಚಿದ ಕಾರ್ಡಿಗೂ ಅದೇ ಬೆಲೆ. ಗಲ್ಲಾದ ಪಕ್ಕದಲ್ಲೇ ಸೀಲ್ ಮಾಡಿದ ಪ್ಯಾಕೆಟ್‌ಗಳನ್ನು ನೇತುಹಾಕಿದ್ದಾರೆ; ಒಳಗೆ ಏನಿದೆ ಅಂತ ತಿಳಿಯದೆ ದುಡ್ಡು ಕೊಡುವ ಆ ಚಟ ಮಕ್ಕಳಿಗೆ ಬೇಡ.

ಟೊರೊಂಟೊ ಕಾರ್ಡ್ ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ. 2011ರ ಜುಲೈನಲ್ಲಿ ಶಿಕಾಗೋದವರು ಅವನನ್ನು ಟೊರೊಂಟೊಗೆ ಕೊಟ್ಟರು, ಟೊರೊಂಟೊದವರು ಅದೇ ದಿನ ಸೇಂಟ್ ಲೂಯಿಸ್‌ಗೆ ದಾಟಿಸಿದರು. ಆ ವರ್ಷ ಸೇಂಟ್ ಲೂಯಿಸ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ಟೊರೊಂಟೊ ಅಂಗಿ ತೊಡಲು ಅವನು 2019ರ ಮೇ ತಿಂಗಳವರೆಗೆ ಕಾಯಬೇಕಾಯಿತು, ಅದೇ ಹದಿನಾಲ್ಕನೆಯದು. ಅಂಗಡಿಯಾಕೆ ಹೆಸರು, ಫೋನ್ ನಂಬರ್ ಬರೆದುಕೊಂಡು, ಬಂದರೆ ತೆಗೆದಿಡುತ್ತೇನೆ ಅಂದಿದ್ದಾಳೆ. ನಾನು ಊರಿಗೆ ಹೊರಡಲು ಇನ್ನೂ ಐದು ವಾರವಿದೆ.