ಇನ್‌ಕ್ಯುಬೇಟರಿನ ಹಸಿರು ದೀಪವನ್ನು ನಂಬಿ ಕೂಸನ್ನು ಸಾಗಿಸಬೇಡಿ

31ನೇ ವಾರಕ್ಕೇ ಹುಟ್ಟಿದ, 1,400 ಗ್ರಾಂ ತೂಕದ ನಮ್ಮ ಮಗಳನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಸಾಗಿಸುವಾಗ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಥದೇ ಗಾಬರಿಯಲ್ಲಿ ಆಂಬ್ಯುಲೆನ್ಸ್ ಹತ್ತುವ ತಂದೆತಾಯಿಯರು ಬ್ಯಾಟರಿ ಮತ್ತು ಆಕ್ಸಿಜನ್ ಬಗ್ಗೆಯಾದರೂ ಬಾಯಿಬಿಟ್ಟು ಕೇಳಲಿ ಎಂಬುದಷ್ಟೇ ನನ್ನ ಉದ್ದೇಶ.

ಹೊರಡುವ ತನಕ ಇನ್‌ಕ್ಯುಬೇಟರ್, ಅಂದರೆ ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆ, ಗೋಡೆಯ ಪ್ಲಗ್ಗಿನಲ್ಲಿತ್ತು, ಬ್ಯಾಟರಿ ತುಂಬಿದೆಯೆಂದು ಹಸಿರು ದೀಪ ಉರಿಯುತ್ತಿತ್ತು, ಮಗುವಿನ ಮೈಶಾಖ 36.8 ಡಿಗ್ರಿ ಸೆಲ್ಸಿಯಸ್ ಇತ್ತು. ವಾಹನದೊಳಗಿನ ಪ್ಲಗ್ಗಿಗೆ ಕರೆಂಟೇ ಬರುತ್ತಿಲ್ಲವೆಂದು ತಿಳಿದದ್ದು ಹೊರಟ ಮೇಲೆ. “ಬ್ಯಾಟರಿ ಇದೆಯಲ್ಲ ಸರ್, ಎರಡು ಗಂಟೆ ಬರುತ್ತದೆ” ಎಂದರು ಜೊತೆಗಿದ್ದ ತಂತ್ರಜ್ಞರು. ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ಅಲಾರಂ ಕೂಗಿಕೊಂಡಿತು, ಹೀಟರ್ ನಿಂತಿತು.

ಹಸಿರು ದೀಪ ಹೇಳುವುದು ಚಾರ್ಜ್ ಪೂರ್ತಿಯಾಗಿದೆ ಎಂಬುದನ್ನು ಮಾತ್ರ. ಹಳತಾದ ಬ್ಯಾಟರಿಯಲ್ಲಿ ಎಷ್ಟು ಕಸುವು ಉಳಿದಿದೆ ಎಂಬುದನ್ನಲ್ಲ. ಮಾನಿಟರಿಗೆ ಬೇಕಾಗುವ ವಿದ್ಯುತ್ ಅಲ್ಪ, ಗಾಳಿಯನ್ನು ಬಿಸಿಯಾಗಿಡುವ ಹೀಟರ್ ಎಳೆಯುವುದೇ ಹೆಚ್ಚು. ಆದ್ದರಿಂದ ಬ್ಯಾಟರಿಯ ಬಂಡವಾಳ ಬಯಲಾಗುವುದು ಹೀಟರ್ ಓಡುವಾಗಲೇ. ದಿನ ತುಂಬದ ಕೂಸಿನ ಚರ್ಮ ತೆಳು, ಒಳಗೆ ಕೊಬ್ಬು ಕಡಿಮೆ, ತೂಕಕ್ಕೆ ಹೋಲಿಸಿದರೆ ಮೈಯ ಹರವು ದೊಡ್ಡದು; ಮೈ ತಣ್ಣಗಾದರೆ ಅದು ಇದ್ದಬದ್ದ ಸಕ್ಕರೆಯನ್ನು ಉರಿಸಿಕೊಳ್ಳುತ್ತದೆ, ಆಕ್ಸಿಜನ್ನಿನ ಬೇಡಿಕೆಯೂ ಏರುತ್ತದೆ. 36.5ರಿಂದ 37.5ರೊಳಗೆ ಇರಬೇಕಾದ ಶಾಖ ನಮ್ಮ ಕಣ್ಣೆದುರೇ 35.4ಕ್ಕೆ ಇಳಿಯಿತು.

ನರ್ಸಮ್ಮ ವಾಹನ ನಿಲ್ಲಿಸಿದರು. ನನ್ನ ಅಂಗಿಯ ಗುಂಡಿಗಳನ್ನು ತಾವೇ ಬಿಚ್ಚಿ, ಮಗುವನ್ನು ಎದೆಗೆ ಒರಗಿಸಿ, ಟೋಪಿ ಹಾಕಿ, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹೊದಿಕೆ ಸುತ್ತಿ, ಇಬ್ಬರಿಗೂ ಸೇರಿಸಿ ಪಟ್ಟಿ ಬಿಗಿದರು. ಮೂಗಿನ ನಳಿಕೆ ಜಾರದಂತೆ ದಾರಿಯುದ್ದಕ್ಕೂ ಬೆರಳಿಟ್ಟು ಹಿಡಿದಿದ್ದರು. ಲಕ್ಷಗಟ್ಟಲೆ ಬೆಲೆಯ ಯಂತ್ರ ಪಕ್ಕದಲ್ಲಿ ಸುಮ್ಮನೆ ಕುಳಿತಿತ್ತು.

ಆಕ್ಸಿಜನ್ ಕಥೆಯೂ ಹೀಗೆಯೇ. ಸಿಲಿಂಡರಿನ ಮುಳ್ಳು ಅರ್ಧದಲ್ಲಿತ್ತು, “ಸಾಕು” ಎಂದಿದ್ದರು. ತುಂಬಿದಾಗ 680 ಲೀಟರ್ ಹಿಡಿಯುವ ಸಿಲಿಂಡರಿನಲ್ಲಿ ಅರ್ಧವೆಂದರೆ 340 ಲೀಟರ್. ನಿಮಿಷಕ್ಕೆ 5 ಲೀಟರಿನಂತೆ ಹರಿದರೆ 68 ನಿಮಿಷ. ನಮ್ಮ ದಾರಿ ನೂರು ನಿಮಿಷದ್ದು. ಈ ಭಾಗಾಕಾರವನ್ನು ಹೊರಡುವ ಮುನ್ನ ಯಾರೂ ಮಾಡಿರಲಿಲ್ಲ, ನಾನೂ ಮಾಡಿರಲಿಲ್ಲ. ನಡುವೆ ಇನ್ನೊಂದು ಆಸ್ಪತ್ರೆಯ ಬಾಗಿಲು ತಟ್ಟಿ ಸಿಲಿಂಡರ್ ಬದಲಿಸಿಕೊಂಡೆವು.

ಆದ್ದರಿಂದ ಮಗುವನ್ನು ಒಳಗೆ ಮಲಗಿಸುವ ಮೊದಲೇ ಗೋಡೆಯ ಪ್ಲಗ್ ಕಿತ್ತು, ಹೀಟರ್ ಚಾಲೂ ಇಟ್ಟು, ಸ್ವಲ್ಪ ಹೊತ್ತು ಬ್ಯಾಟರಿಯಲ್ಲೇ ಓಡಿಸಿ ತೋರಿಸುವಂತೆ ಕೇಳಿ. ವಾಹನದ ಪ್ಲಗ್ಗಿಗೂ ಅದನ್ನು ಸಿಕ್ಕಿಸಿ ನೋಡಲು ಹೇಳಿ. ಬ್ಯಾಟರಿ ಬದಲಿಸಿದ ತಾರೀಖು ಕೇಳಿದರೆ ಸಿಡುಕುವವರಿದ್ದಾರೆ, ಸಿಡುಕಲಿ. ಆಕ್ಸಿಜನ್ ಪ್ರಯಾಣಕ್ಕೆ ಬೇಕಾದುದರ ಎರಡರಷ್ಟಿರಲಿ. ಹೆರಿಗೆಗೆ ಮುಂಚೆಯೇ ಅವಧಿಪೂರ್ವ ಜನನದ ಸೂಚನೆ ಕಂಡು, ವೈದ್ಯರು ಒಪ್ಪಿದರೆ, ತಾಯಿಯನ್ನೇ ದೊಡ್ಡ ಆಸ್ಪತ್ರೆಗೆ ಒಯ್ಯುವುದು ಎಲ್ಲಕ್ಕಿಂತ ಮೇಲು.

ಮಗಳು ಚೇತರಿಸಿಕೊಂಡಳು. ವರ್ಗಾವಣೆಯ ಕಾಗದ ಈಗಲೂ ನನ್ನ ಬಳಿಯಿದೆ. ಅದರಲ್ಲಿ ಬ್ಯಾಟರಿ, ವಾಹನದ ವಿದ್ಯುತ್, ಆಕ್ಸಿಜನ್, ಮೂರರ ಮುಂದೆಯೂ ಒಂದೇ ಶಾಯಿಯಲ್ಲಿ, ಒಂದೇ ಎಳೆತದಲ್ಲಿ ಸರಿ ಗುರುತು ಬಿದ್ದಿದೆ. ಪಕ್ಕದಲ್ಲಿ ಬರೆದಿರುವ ಸಮಯಕ್ಕೆ ಆಂಬ್ಯುಲೆನ್ಸ್ ಇನ್ನೂ ಆಸ್ಪತ್ರೆಯ ಗೇಟಿಗೇ ಬಂದಿರಲಿಲ್ಲ.